ಗಡ್ಡದೊಳಗಿನ ಮಚ್ಚೆ

ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು ಮುಗಿಸುವ ಮೊದಲೇ, "ಅಜ್ಜಾರ, ನಿಮ್ಮ ಕಾಲದಾಗೂ ಕಾಪಿ ಹೊಡೀತಿದ್ರೇನ್ರಿ?" ಎಂದು ಕೇಳುತ್ತಾರೆ. ಹೊಡೆಯದೆ ಏನು? ಪರೀಕ್ಷೆ ಹುಟ್ಟಿದ ದಿನವೇ ಕಾಪಿಯೂ ಹುಟ್ಟಿರಬೇಕು. ಆದರೆ ಅದನ್ನು ಹಿಡಿಯುವುದು ನನ್ನ ಪಾಲಿಗೆ ಬಂದ ಕೆಲಸವಲ್ಲ. ನಾನು ಬಾಗಿಲಲ್ಲಿ ನಿಂತ ಕಾರಕೂನ. ಒಳಗೆ ಕೂತು ಏನು ಬರೆದರು ಎಂಬುದನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ಒಳಗೆ ಹೋದವನು ಯಾರು ಎಂಬುದನ್ನು ನೋಡುವುದು ನನ್ನ ಕೆಲಸವಾಗಿತ್ತು. ಕೇಳಲು ಸುಲಭ. ನನ್ನ ತಲೆಗೂದಲು ಹಣ್ಣಾದದ್ದು ಅದರಿಂದಲೇ.

ನನಗೆ ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ತಪ್ಪಿಸಿದವರೂ ಹೋದರು, ಬಂದ ಬಡ್ತಿಯೂ ನಿವೃತ್ತಿಯೊಂದಿಗೆ ಹೋಯಿತು. ಉಳಿದದ್ದು ಬಾಗಿಲಲ್ಲಿ ಕಂಡ ಮುಖಗಳು ಮಾತ್ರ.

ಅದು ಮುಂಬಯಿ ರಾಜ್ಯದ ಕಾಲ. ಜಮಖಂಡಿ, ಮುಧೋಳ ಸಂಸ್ಥಾನಗಳು ವಿಲೀನವಾಗಿ ಇನ್ನೂ ಹೊಸದು. ನಮ್ಮ ಕಡೆ ಪರೀಕ್ಷೆಯೆಂದರೆ ಏಳನೇ ಇಯತ್ತೆಯ, ಅಂದರೆ ಏಳನೇ ತರಗತಿಯ, ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ ಸಿಗುತ್ತಿತ್ತು, ಊರ ಹೊಲಗಳ ಲೆಕ್ಕ ಬರೆಯುವ ತಲಾಠಿಯ ಕೆಲಸ ಸಿಗುತ್ತಿತ್ತು, ಒಳ್ಳೆಯ ಮನೆತನದ ಹೆಣ್ಣೂ ಸಿಗುತ್ತಿತ್ತು. ಹಾಗಾಗಿ ತಮ್ಮನ ಹೆಸರಿನಲ್ಲಿ ಅಣ್ಣ ಬಂದು ಬರೆಯುವುದು, ಗೆಳೆಯನ ಹೆಸರಿನಲ್ಲಿ ಗೆಳೆಯ ಬರೆಯುವುದು ನಡೆದೇ ಇತ್ತು. ಒಂದು ಸಲ ಅಳಿಯನಾಗುವವನ ಹೆಸರಿನಲ್ಲಿ ಮಾವನಾಗುವವನೇ ಬಂದು ಬರೆದುಹೋದ. ಫಲಿತಾಂಶದಲ್ಲಿ ನಾಪಾಸು ಎಂದು ಬಂತು. "ಮುಲ್ಕಿ ಸುದ್ದಾ ಆಗದ ದಡ್ಡಗ ಮಗಳನ್ನ ಕೊಡಾಂಗಿಲ್ಲ" ಎಂದು ಆ ಮಾವನೇ ಮದುವೆ ಮುರಿದ. ಈ ಸುದ್ದಿ ಮೇಲಿನವರೆಗೆ ಹೋಯಿತು. ಆಮೇಲೆ ಉಮೇದುವಾರರ ಗುರುತು ಹಿಡಿಯುವ ಕಟ್ಟಳೆಗಳು ವರ್ಷಕ್ಕೊಂದರಂತೆ ಬರತೊಡಗಿದವು.

ಮೊದಲು ಬಂದದ್ದು ಫೋಟೋ. ಪ್ರತಿ ಉಮೇದುವಾರನೂ ತನ್ನ ಫೋಟೋ ತರಬೇಕು, ಬಾಗಿಲಲ್ಲಿ ಮುಖಕ್ಕೆ ಹಿಡಿದು ನೋಡಿ ಒಳಗೆ ಬಿಡಬೇಕು. ಆ ವರ್ಷ ನಾನು ಜಮಖಂಡಿ ಕೇಂದ್ರದಲ್ಲಿದ್ದೆ. ಊರಲ್ಲಿ ಫೋಟೋ ತೆಗೆಯುವವನು ಒಬ್ಬನೇ. ಹಳ್ಳಿಯ ಹುಡುಗರು ಅಂಗಿ, ಪಂಚೆಯಲ್ಲಿ ಬಂದರೆ ಅವನಿಗೆ ಸರಿಬರುತ್ತಿರಲಿಲ್ಲ. ತನ್ನ ಕಡೆ ಇದ್ದ ಒಂದು ಕರಿ ಕೋಟು, ಒಂದು ಕರಿ ಟೊಪ್ಪಿಗೆ ಕೊಟ್ಟು, ಕಿಸೆಗೆ ಒಂದು ಪೆನ್ನು ಸಿಕ್ಕಿಸಿ, "ಉಸಿರ ಬಿಡಬ್ಯಾಡ" ಎಂದು ಹೆದರಿಸಿ ಫೋಟೋ ತೆಗೆಯುತ್ತಿದ್ದ. ಹೀಗಾಗಿ ಹುನ್ನೂರಿನ ಹುಡುಗನೂ ಅವನೇ, ತುಬಚಿಯ ಹುಡುಗನೂ ಅವನೇ. ಎಲ್ಲ ಫೋಟೋಗಳಲ್ಲೂ ಅದೇ ಕೋಟು, ಅದೇ ಟೊಪ್ಪಿಗೆ, ಅದೇ ಹೆದರಿದ ಕಣ್ಣು.

ಬಾಗಿಲಿಗೆ ಕೋಟಿಲ್ಲದೆ, ಬರಿತಲೆಯಲ್ಲಿ ಬಂದ ಹುಡುಗರಲ್ಲಿ ಒಬ್ಬನೂ ತನ್ನ ಫೋಟೋಕ್ಕೆ ಹೋಲಲಿಲ್ಲ. ನಮ್ಮ ಮೇಲಧಿಕಾರಿ ಮಹಾಜನಿ ಸಾಹೇಬರು ಯೋಚನೆಗೆ ಬಿದ್ದರು. ಕೊನೆಗೆ ಜವಾನನನ್ನು ಕಳಿಸಿ ಆ ಕೋಟು, ಟೊಪ್ಪಿಗೆಗಳನ್ನೇ ತರಿಸಿದರು. ಹುಡುಗರು ಒಬ್ಬೊಬ್ಬರಾಗಿ ತೊಟ್ಟುಕೊಂಡು ನಿಂತರು. ಈಗ ಪ್ರತಿಯೊಬ್ಬನೂ ಎಲ್ಲರ ಫೋಟೋಕ್ಕೂ ಹೋಲುತ್ತಿದ್ದ! ಸಾಹೇಬರು ಸಮಾಧಾನದಿಂದ, "ಬಿಡ್ರಿ ಎಲ್ಲಾರ್ನೂ ಒಳಗ" ಎಂದರು.

ಮಹಾಜನಿ ಸಾಹೇಬರ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಕೆಟ್ಟ ಮನುಷ್ಯರಲ್ಲ. ಲಂಚ ಮುಟ್ಟುತ್ತಿರಲಿಲ್ಲ, ಯಾರಿಗೂ ಬೈಯುತ್ತಿರಲಿಲ್ಲ. ಆದರೆ ಕಟ್ಟಳೆಯೆಂದರೆ ಅವರಿಗೆ ದೇವರು. ಒಂದು ಕೆಲಸ ಮಾಡಬಹುದೇ ಎಂದು ಕೇಳಿದರೆ, "ಅದಕ್ಕ ಕಲಮು ಯಾವುದು?" ಎಂದು ತಿರುಗಿ ಕೇಳುತ್ತಿದ್ದರು. ಅವರ ಕೊಡೆಗೆ ಬೆಂಕಿ ಹತ್ತಿದರೂ ನೀರು ಹಾಕಲು ಕಲಮು ಕೇಳಿಯಾರು ಎಂದು ನಾವು ಹಿಂದೆ ಆಡಿಕೊಳ್ಳುತ್ತಿದ್ದೆವು.

ಮರುವರ್ಷ ಫೋಟೋ ಹೋಗಿ ಹೆಬ್ಬೆಟ್ಟು ಬಂತು. ಅರ್ಜಿಯ ಮೇಲೆ ಒತ್ತಿದ ಹೆಬ್ಬೆಟ್ಟು, ಬಾಗಿಲಲ್ಲಿ ಒತ್ತಿದ ಹೆಬ್ಬೆಟ್ಟು ಎರಡನ್ನೂ ಭೂತಗನ್ನಡಿಯಲ್ಲಿ ನೋಡಬೇಕು. ಓದು ಬರಹ ಬಲ್ಲವನೆಂದು ಪರೀಕ್ಷೆ ಕಟ್ಟಲು ಬಂದವನಿಗೆ ಬಾಗಿಲಲ್ಲೇ ಹೆಬ್ಬೆಟ್ಟು ಒತ್ತು ಎಂದರೆ ಅವನಿಗೆ ಹೇಗಾಗಬೇಡ! ನನ್ನನ್ನು ಆ ವರ್ಷ ರಬಕವಿ-ಬನಹಟ್ಟಿಗೆ ಹಾಕಿದ್ದರು. ಅಲ್ಲಿ ಮನೆಮನೆಗೂ ಮಗ್ಗ. ಬಣ್ಣದ ಕಡಾಯಿಯಲ್ಲಿ ಕೈಯಾಡಿಸಿ ಬಂದ ಹುಡುಗರಿಗೆ ಮಸಿ ಹಚ್ಚುವ ಅಗತ್ಯವೇ ಇರಲಿಲ್ಲ. ಆದರೆ ಒಬ್ಬ ವಯಸ್ಸಾದ ಉಮೇದುವಾರ ಬೆರಳೊತ್ತಿದರೆ ಕಾಗದದ ಮೇಲೆ ಒಂದು ಕರಿ ಬೊಟ್ಟು ಬಿತ್ತು, ಒಂದು ಗೆರೆಯೂ ಇಲ್ಲ.

"ಏನ್ರಿ ಇದು? ಗೆರಿ ಎಲ್ಲಿ?" ಎಂದರು ಸಾಹೇಬರು.

"ನೂಲು ತಿಕ್ಕಿ ತಿಕ್ಕಿ ಸವದ ಹೋಗ್ಯಾವ್ರಿ. ಇನ್ನ ಹಣ್ಯಾಗಿನ ಗೆರಿ ಒಂದ ಉಳದೈತಿ. ಅದನ್ನ ಬೇಕಾದ್ರ ಒತ್ತಲೇನ್ರಿ?" ಎಂದ ಅವನು.

ಅರ್ಜಿಯ ಮೇಲೂ ಬರಿ ಬೊಟ್ಟೇ ಇದ್ದುದರಿಂದ ಎರಡೂ ತಾಳೆಯಾದವು ಎಂದು ಅವನನ್ನು ಒಳಗೆ ಬಿಟ್ಟೆವು.

ಅದರ ಮುಂದಿನ ವರ್ಷ ಹೆಬ್ಬೆಟ್ಟೂ ಹೋಗಿ ಅಂಗಚಿಹ್ನೆ ಬಂತು. ಮೈಮೇಲಿನ ಒಂದು ಗುರುತು, ಮಚ್ಚೆಯೋ ಗಾಯದ ಕಲೆಯೋ, ಅರ್ಜಿಯಲ್ಲಿ ಬರೆಯಬೇಕು, ಬಾಗಿಲಲ್ಲಿ ಕಣ್ಣಾರೆ ನೋಡಬೇಕು. ಮುಧೋಳದ ಕೇಂದ್ರದಲ್ಲಿ ಮೊದಲ ದಿನವೇ ನನಗೆ ಸಾಕುಬೇಕಾಯಿತು. ನಮ್ಮ ಕಡೆ ಕೂಸಿಗೆ ಜಡ್ಡಾದರೆ ಹೊಟ್ಟೆಯ ಮೇಲೆ ಬರೆ ಎಳೆಸುವ ರೂಢಿ ಇತ್ತು. ಒಂದು ಹಳ್ಳಿಯ ಹೆಡ್‌ಮಾಸ್ತರರು ತಮ್ಮ ಎಲ್ಲ ಹುಡುಗರಿಗೂ "ಹೊಟ್ಟೆಯ ಮೇಲೆ ಬರೆ" ಎಂದು ಬರೆದುಬಿಟ್ಟಿದ್ದರು. ಸುಳ್ಳಲ್ಲ. ಹುಡುಗರು ಸಾಲಾಗಿ ನಿಂತು ಅಂಗಿ ಎತ್ತಿದರು. ಸಾಹೇಬರು ಬಗ್ಗಿ ಬಗ್ಗಿ ಹೊಟ್ಟೆ ನೋಡುತ್ತ ಬಂದರು. ಹೆಣ್ಣುಮಕ್ಕಳಿಗೆ ಬೇರೆ ಕೇಂದ್ರ ಇದ್ದದ್ದು ನಮ್ಮ ಪುಣ್ಯ.

ಕೊನೆಯ ಹುಡುಗನ ಹೊಟ್ಟೆ ಬೋಳಾಗಿತ್ತು. ಅವನು ಕೂಸಾಗಿದ್ದಾಗ ಜಡ್ಡೇ ಬಿದ್ದಿರಲಿಲ್ಲವಂತೆ. "ನಮ್ಮವ್ವ ಹಾಕ್ಸಲೇ ಇಲ್ರಿ" ಎಂದು ಅಳತೊಡಗಿದ. ಹೆಡ್‌ಮಾಸ್ತರರು ಓಡಿಬಂದು, ಅರ್ಜಿಯಲ್ಲಿ ಬರೆದದ್ದನ್ನು ಹೊಡೆದು, "ಹೊಟ್ಟೆಯ ಮೇಲೆ ಬರೆ ಇಲ್ಲದಿರುವುದೇ ಗುರುತು" ಎಂದು ಬರೆದುಕೊಟ್ಟರು. ಅಷ್ಟೂ ಹುಡುಗರಲ್ಲಿ ಖರೇ ಗುರುತು ಇದ್ದವನು ಅವನೊಬ್ಬನೇ ಆಗಿದ್ದ.

ಇನ್ನು ಬೀಳಗಿಯ ಕಥೆ. ಇದನ್ನು ಹೇಳುವುದಕ್ಕೇ ನಾನು ಬರೆಯಲು ಕೂತದ್ದು.

ಅಂಗಚಿಹ್ನೆಯ ಕಟ್ಟಳೆ ಇನ್ನೂ ಜಾರಿಯಲ್ಲಿತ್ತು. ಮೊದಲ ದಿನ, ಗಣಿತದ ಪರೀಕ್ಷೆಯ ಬೆಳಿಗ್ಗೆ ಒಬ್ಬ ಎತ್ತರದ ಆಳು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಿಗೆ ಬಂದ. ಎದೆಯವರೆಗೆ ಗಡ್ಡ, ತಲೆಯ ಮೇಲೆ ಕೂದಲಿನ ಗಂಟು, ಹಣೆ ತುಂಬ ಭಂಡಾರದ ಅರಿಶಿನ. ನಾನು ಯಾರೋ ದೇವರ ಪೂಜಾರಿ ಎಂದುಕೊಂಡು, "ಅಜ್ಜಾರ, ಇವತ್ತ ಇಲ್ಲಿ ಪರೀಕ್ಷೆ ಐತ್ರಿ" ಎಂದೆ. ಅವನು ನಾಚಿಕೊಂಡು, "ನಾನೂ ಅದಕ್ಕ ಬಂದೀನ್ರಿ" ಎಂದು ಚೀಟಿ ಚಾಚಿದ.

ಹೆಸರು ಮಾಳಪ್ಪ. ಅನಗವಾಡಿಯ ಆಚೆ ಕುರಿ ಸಾಕುವ ಹಾಲುಮತದವರ ಒಂದು ಹಟ್ಟಿ ಇತ್ತು. ಅಲ್ಲಿಯ ಜನ ತಾವೇ ಕೂಡಿ ಬೇವಿನ ಗಿಡದ ಕೆಳಗೆ ಶಾಲೆ ಹಾಕಿಕೊಂಡಿದ್ದರು. ತಮ್ಮಲ್ಲೇ ಒಂದಿಷ್ಟು ಓದಿದವನೆಂದು ಮಾಳಪ್ಪನನ್ನು ಮಾಸ್ತರನನ್ನಾಗಿ ಕೂಡಿಸಿದ್ದರು. ಆದರೆ ಅವನಿಗೆ ಮುಲ್ಕಿ ಆಗಿರಲಿಲ್ಲ. ಪ್ರತಿ ಸಲ ಗಣಿತ ಅವನನ್ನು ಕೆಡವುತ್ತಿತ್ತು. ಪಾಸಾಗುವವರೆಗೆ ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ಕುಲದೇವರು ಬೀರೇಶ್ವರನಿಗೆ ಬೇಡಿಕೊಂಡಿದ್ದ. ದೇವರು ತಡ ಮಾಡಿದಷ್ಟೂ ಗಡ್ಡ ಉದ್ದವಾಯಿತು. ಈಗ ಹೊಸ ಹುಕುಂ ಬಂದಿತ್ತು. ಮುಲ್ಕಿ ಆಗದ ಮಾಸ್ತರರಿರುವ ಶಾಲೆಗಳನ್ನು ಈ ವರ್ಷವೇ ಮುಚ್ಚಬೇಕು ಎಂದು. ಈ ಸಲ ಪಾಸಾದರೆ ಶಾಲೆ ಉಳಿಯುತ್ತಿತ್ತು, ಇಲ್ಲವಾದರೆ ಹುಡುಗರು ಮತ್ತೆ ಕುರಿಯ ಬೆನ್ನು ಹತ್ತಬೇಕಾಗಿತ್ತು. ಅದಕ್ಕೇ ಹಟ್ಟಿಗೆ ಹಟ್ಟಿಯೇ ಚಕ್ಕಡಿ ಕಟ್ಟಿಕೊಂಡು ಅವನ ಹಿಂದೆ ಬಂದಿತ್ತು.

ನಾನು ಚೀಟಿ ಓದಿದೆ. "ಬಲಗೆನ್ನೆಯ ಮೇಲೆ ಕರಿಯ ಮಚ್ಚೆ." ಅವನು ಹುಡುಗನಾಗಿ ಶಾಲೆ ಬಿಟ್ಟಾಗ ಅಂದಿನ ಮಾಸ್ತರರು ದಾಖಲೆಯಲ್ಲಿ ಬರೆದಿದ್ದನ್ನೇ ಅರ್ಜಿಗೆ ಇಳಿಸಿದ್ದರು. ನಾನು ಮುಖ ನೋಡಿದೆ. ಮೂಗು ಕಂಡಿತು, ಕಣ್ಣು ಕಂಡವು, ಕೆನ್ನೆಯೆಂಬುದು ಎಲ್ಲೂ ಕಾಣಲಿಲ್ಲ.

ಸಾಹೇಬರನ್ನು ಕರೆದೆ. ಅವರು ಮಾಳಪ್ಪನನ್ನು ನೋಡಿದೊಡನೆ, "ಏನ್ರಿ ಮಾಸ್ತರ, ಆರಾಮ ಅದೀರೇನು? ಹುಡುಗೂರು ಹ್ಯಾಂಗ ಅದಾವು?" ಎಂದರು.

ನನಗೆ ಜೀವ ಬಂದಂತಾಯಿತು. "ಸಾಹೇಬ್ರಿಗೆ ಇವರ ಪರಿಚಯ ಐತೇನ್ರಿ?"

"ಐತಲ್ರಿ. ಹೋದ ವರ್ಷ ಇವರ ಸಾಲಿ ತಪಾಸ ಮಾಡೇನಿ. ಇವರ ಮನ್ಯಾಗ ರೊಟ್ಟಿ ಉಂಡೇನಿ."

"ಹಂಗಾದ್ರ ಒಳಗ ಬಿಡಲೇನ್ರಿ?"

ಸಾಹೇಬರು ಚೀಟಿ ಓದಿದರು. ಅವರ ಮುಖ ಇಳಿಯಿತು. "ಮಚ್ಚಿ ಕಾಣವಲ್ದು. ನನಗ ಇವರು ಗೊತ್ತು, ಖರೆ. ಆದ್ರ ನನಗ ಗೊತ್ತು ಅಂತ ಬರಿಯೂದಕ್ಕ ಕಲಮಿಲ್ಲ. ಊರ ಪೋಲಿಸ ಪಾಟೀಲ, ಇಲ್ಲಾ ತಲಾಠಿ, ಇಬ್ಬರಾಗ ಒಬ್ಬರು ಗುರುತು ಹೇಳಬೇಕು."

ಹಟ್ಟಿಯ ಜನ ಸುತ್ತಲೂ ನಿಂತು, "ಇವನ ಮಾಳಪ್ಪ ಅದಾನ್ರಿ! ನಾವು ಹುಟ್ಟಿದಾಗಿಂದ ನೋಡೇವ್ರಿ!" ಎಂದು ಕೂಗುತ್ತಿದ್ದರು. ಅವರ ಮಾತು ನಡೆಯುತ್ತಿರಲಿಲ್ಲ. ಅದೃಷ್ಟಕ್ಕೆ ಅವರ ಭಾಗದ ಪಾಟೀಲರೂ ತಲಾಠಿಗಳೂ ಅಂದು ಕಚೇರಿ ಕೆಲಸಕ್ಕೆ ಬೀಳಗಿಗೇ ಬಂದಿದ್ದರು. ಜವಾನ ಹೋಗಿ ಕರೆತಂದ. ಪಾಟೀಲರು, "ಹಟ್ಟ್ಯಾಗಿನವರು ಇವತ್ತ ಇಲ್ಲಿ, ನಾಳೆ ಅಲ್ಲಿ. ಯಾರ ಯಾರಂತ ನನಗೇನ ಗೊತ್ರಿ?" ಎಂದರು. ತಲಾಠಿಗಳು ಒಂದು ಹೆಜ್ಜೆ ಮುಂದೆ ಹೋಗಿ, "ನನಗ ಹೊಲ ತೋರಸ್ರಿ, ಗುರುತು ಹೇಳ್ತೇನಿ. ಮನಷ್ಯಾರ ಗುರುತು ನನ್ನ ಖಾತೆ ಅಲ್ಲ" ಎಂದರು. ಗುರುತು ಇದ್ದವರ ಮಾತು ನಡೆಯುವುದಿಲ್ಲ, ಮಾತು ನಡೆಯುವವರಿಗೆ ಗುರುತಿಲ್ಲ. ನನ್ನ ಇಡೀ ನೌಕರಿಯ ಸಾರ ಇದೇ ಎಂದು ಹೊಸ ಹುಡುಗರು ತಿಳಿದುಕೊಂಡರೆ ಸಾಕು.

ಅಷ್ಟರಲ್ಲಿ ಮೊದಲ ಗಂಟೆ ಬಾರಿಸಿತು. ಎರಡನೇ ಗಂಟೆಯಾಗಿ ಸ್ವಲ್ಪ ಹೊತ್ತಿಗೆ ಬಾಗಿಲು ಹಾಕುತ್ತಿದ್ದೆವು.

"ಗಡ್ಡ ತಗಸ್ರಿ ಮಾಸ್ತರ, ಬ್ಯಾರೆ ದಾರಿ ಇಲ್ಲ" ಎಂದೆ.

"ಹ್ಯಾಂಗ ತಗಸೂದ್ರಿ? ಪಾಸಾದ ಮ್ಯಾಲ ತಗಸ್ತೀನಂತ ದೇವರಿಗೆ ಹೇಳೇನಿ. ಈಗ ತಗಸಿದ್ರ ಅವ ಪಾಸ ಮಾಡ್ತಾನೇನ್ರಿ? ತಗಸದಿದ್ರ ನೀವು ಒಳಗ ಬಿಡ್ತೀರೇನ್ರಿ?"

ಆಗ ಚಕ್ಕಡಿಯಿಂದ ಬೀರೇಶ್ವರನ ಪೂಜಾರಿ ಅಜ್ಜ ಕೆಳಗಿಳಿದು ಬಂದ. ಎಲ್ಲ ಕೇಳಿಕೊಂಡು ಕಣ್ಣು ಮುಚ್ಚಿ ನಿಂತ. ಆಮೇಲೆ, "ನೀ ದೇವರಿಗೆ ಬೇಡಿಕೊಂಡಿದ್ದು ಗಡ್ಡ. ಕೆನ್ನಿ ಮ್ಯಾಲ ಒಂದ ಬಿಲ್ಲಿಯಷ್ಟ ಜಾಗ ತಗದ್ರ ಗಡ್ಡ ಹೋದಂಗೇನ? ಕುರಿ ಉಣ್ಣೆ ಕತ್ತರಿಸುವಾಗ ಒಂದ ಗುಚ್ಚ ಉಳದ್ರ ಕುರಿ ಕತ್ತರಿಸೇ ಇಲ್ಲ ಅಂತೀವೇನ? ಹಂಗ ಇದೂ. ಬೀರಪ್ಪ ಸಿಟ್ಟಾಗೂದಿಲ್ಲ. ಆದ್ರ ನನ್ನ ಮುಂದ ತಗಸಬೇಕು" ಎಂದು ತೀರ್ಪು ಕೊಟ್ಟ. ನಮ್ಮ ಸಾಹೇಬರಿಗಿಂತ ದೇವರ ಕಲಮು ಎಷ್ಟೋ ಮೆತ್ತಗಿತ್ತು.

ಕ್ಷೌರ ಮಾಡುವ ಹಡಪದವನನ್ನು ಕರೆಸಿದೆವು. ಮಾಳಪ್ಪ ಶಾಲೆಯ ಕಟ್ಟೆಯ ಮೇಲೆ ಕೂತ. ಒಂದು ಕಡೆ ಪೂಜಾರಿ ಅಜ್ಜ ಭಂಡಾರದ ಚೀಲ ಹಿಡಿದು, ಇನ್ನೊಂದು ಕಡೆ ಸಾಹೇಬರು ಭೂತಗನ್ನಡಿ ಹಿಡಿದು, ನಡುವೆ ಕತ್ತಿ ಹಿಡಿದ ಹಡಪದ. ಬಲಗೆನ್ನೆಯ ಮೇಲೆ ಒಂದು ಬಿಲ್ಲೆಯಷ್ಟು ಬೋಳಾಯಿತು. ಎಲ್ಲರೂ ಬಗ್ಗಿ ನೋಡಿದೆವು. ಮಚ್ಚೆ ಇಲ್ಲ. ಸ್ವಲ್ಪ ಮೇಲೆ ತೆಗೆದ, ಸ್ವಲ್ಪ ಕೆಳಗೆ ತೆಗೆದ. ಚರ್ಮ ತೊಳೆದ ತಾಟಿನ ಹಾಗೆ ಸ್ವಚ್ಛ.

ಸಾಹೇಬರು ಭೂತಗನ್ನಡಿ ಕೆಳಗಿಟ್ಟರು. ಅವರಿಗೂ ದುಃಖವಾಗಿತ್ತು, ಅದು ಸುಳ್ಳಲ್ಲ. "ಮಚ್ಚಿ ಇಲ್ಲ. ಅಂದ ಮ್ಯಾಲ ಇವರು ಮಾಳಪ್ಪ ಅಲ್ಲ."

"ಹಂಗಾದ್ರ ನಾ ಯಾರ್ರಿ?" ಎಂದ ಮಾಳಪ್ಪ.

"ಅದನ್ನ ಹೇಳೂದಕ್ಕ ನನಗ ಅಧಿಕಾರ ಇಲ್ಲ. ಅಲ್ಲ ಅನ್ನೂದಕ್ಕಷ್ಟ ಐತಿ."

ಎರಡನೇ ಗಂಟೆ ಬಾರಿಸಿತು. ಮಾಳಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಗ ಹೆಣ್ಣುಮಕ್ಕಳ ನಡುವಿನಿಂದ ಒಂದು ದನಿ ಬಂತು. "ಎಡಕ್ಕ ಐತ್ರಿ!"

ತಿರುಗಿ ನೋಡಿದರೆ ಮಾಳಪ್ಪನ ಹೆಂಡತಿ. ಅಷ್ಟು ಜನರ ಮುಂದೆ ಬಾಯಿ ಬಿಟ್ಟದ್ದಕ್ಕೆ ತಾನೇ ಹೆದರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚಕ್ಕಡಿಯ ಹಿಂದೆ ಸರಿದಳು. ಹಡಪದ ಸಾಹೇಬರ ಅಪ್ಪಣೆಗೆ ಕಾಯದೆ ಎಡಗೆನ್ನೆಗೆ ಕತ್ತಿ ಹಚ್ಚಿಬಿಟ್ಟ. ಎರಡು ಸಲ ಎಳೆಯುವುದರೊಳಗೆ ಕರಿಯ ಕಡಲೆಯಷ್ಟು ಮಚ್ಚೆ ಹೊರಬಿತ್ತು. ಜನ ಹೋ ಎಂದು ಕೂಗಿದರು. ಪೂಜಾರಿ ಅಜ್ಜ ಭಂಡಾರ ಎರಚಿದ. ಅದು ಸಾಹೇಬರ ಕೋಟಿನ ಮೇಲೂ ಬಿತ್ತು.

ಆದರೆ ಸಾಹೇಬರು ಅಲುಗಲಿಲ್ಲ. "ಕಾಗದದಾಗ ಬಲಗೆನ್ನಿ ಅಂತೈತಿ. ಇದು ಎಡಗೆನ್ನಿ."

ಬಾಗಿಲು ಹಾಕುವ ಹೊತ್ತು ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲೇ ಒಂದು ವಿಚಾರ ಹೊಳೆಯಿತು. "ಸಾಹೇಬ್ರ, ನಿಮ್ಮ ಬಲಗೈ ಚಾಚಿ ಎದುರಿಗಿದ್ದ ನನ್ನ ಕೆನ್ನಿ ಮುಟ್ರಿ" ಎಂದೆ. ಅವರು ಗಾಬರಿಯಾಗಿ ಮುಟ್ಟಿದರು. "ಇದು ನನ್ನ ಯಾವ ಕೆನ್ನಿ ಐತ್ರಿ?"

"ಎಡಗೆನ್ನಿ."

"ಇವರು ಸಣ್ಣವರಿದ್ದಾಗ ಮಾಸ್ತರ್ರೂ ಹಿಂಗ ಎದುರಿಗೆ ನಿಂತ ನೋಡಿ ಬರದಾರ್ರಿ. ತಮ್ಮ ಬಲಕ್ಕ ಕಂಡದ್ದನ್ನ ಬಲ ಅಂದಾರ್ರಿ."

ಸಾಹೇಬರು ನನ್ನ ಕೆನ್ನೆಯ ಮೇಲೆ ಬೆರಳಿಟ್ಟುಕೊಂಡೇ ಯೋಚಿಸಿದರು. ಜನರೆಲ್ಲ ಆ ಬೆರಳನ್ನೇ ನೋಡುತ್ತಿದ್ದರು. ಕೊನೆಗೆ ಬೆರಳು ತೆಗೆದು, "ಕಟ್ಟಳ್ಯಾಗ ಯಾರ ಬಲ ಅಂತ ಹೇಳಿಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿ ಚೀಟಿಗೆ ಸಹಿ ಹಾಕಿದರು. ಮಾಳಪ್ಪ ಎರಡೂ ಕೆನ್ನೆಯ ಮೇಲೆ ಒಂದೊಂದು ಬೋಳು ಹೊತ್ತು ಒಳಗೆ ಓಡಿದ. ನಾನು ಬಾಗಿಲು ಹಾಕಿದೆ.

ಮಾಳಪ್ಪ ಅಂಚಿನ ಮೇಲೆ ಪಾಸಾದ. ಫಲಿತಾಂಶದ ಪಟ್ಟಿಯಲ್ಲಿ ಅವನ ಹೆಸರು ಕಂಡಾಗ ನನ್ನ ಮಗನೇ ಪಾಸಾದಷ್ಟು ಸಂತೋಷವಾಯಿತು, ಏಕೆಂದರೆ ನನ್ನ ಮಗ ಆ ವರ್ಷ ನಾಪಾಸಾಗಿದ್ದ.

ಮಳೆಗಾಲದ ಶುರುವಿಗೆ ಅವನ ನೇಮಕದ ಹುಕುಂ ಬಂತು. ಅಷ್ಟರಲ್ಲಿ ಇನ್ನೊಂದು ಕಟ್ಟಳೆ ಬಂದಿತ್ತು. ಹುಕುಂ ಕೊಡುವಾಗ ಶಾಲೆಯಿದ್ದ ಸ್ಥಳದಲ್ಲೇ ಒಬ್ಬರು ಎದುರಿಗಿದ್ದು "ಈತನೇ ಮಾಸ್ತರ" ಎಂದು ಗುರುತು ಹೇಳಬೇಕು, ಅವರ ಹೆಸರು, ಹುದ್ದೆ ಬರೆಯಬೇಕು. ಸದ್ಯ, ಇಂಥದೇ ಹುದ್ದೆಯಿರಬೇಕು ಎಂದು ಬರೆಯಲು ಮರೆತಿದ್ದರು. ಸಾಹೇಬರೂ ನಾನೂ ಚಕ್ಕಡಿಯಲ್ಲಿ ಹಟ್ಟಿಗೆ ಹೋದೆವು. ದೊಡ್ಡವರು ಯಾರೂ ಇರಲಿಲ್ಲ. ಮಾಳಪ್ಪ ಅಂದು ಬೆಳಿಗ್ಗೆ ಬೀರೇಶ್ವರನಿಗೆ ಕೂದಲು ಕೊಟ್ಟಿದ್ದ, ಎಲ್ಲರೂ ಅಡಿಗೆಗೆಂದು ಗುಡಿಯ ಕಡೆಗೇ ಉಳಿದಿದ್ದರು. ಬೇವಿನ ಗಿಡದ ಕೆಳಗೆ ಹುಡುಗರು ಮಾಸ್ತರರ ದಾರಿ ಕಾಯುತ್ತ ಕೂತಿದ್ದವು.

ಸ್ವಲ್ಪ ಹೊತ್ತಿಗೆ ಮಾಳಪ್ಪ ಒಬ್ಬನೇ ಅವಸರದಿಂದ ಬಂದ. ತಲೆ ಬೋಳು, ಮುಖ ಬೋಳು, ಎಡಗೆನ್ನೆಯ ಮೇಲೆ ಮಚ್ಚೆ ಹಗಲಷ್ಟು ಸ್ಪಷ್ಟ. ಸಾಹೇಬರಿಗೆ ಬಹಳ ಖುಷಿಯಾಯಿತು. ಹುಕುಂನಲ್ಲಿ ಈಗ ತಿದ್ದಿ ಎಡಗೆನ್ನೆ ಎಂದೇ ಬರೆದಿತ್ತು, ಜೀವನದಲ್ಲಿ ಮೊದಲ ಸಲ ಕಾಗದವೂ ಮನುಷ್ಯನೂ ಒಂದಕ್ಕೊಂದು ಹೊಂದಿದ್ದವು. ಆದರೆ ಹುಡುಗರು ಅವನನ್ನು ಕಂಡು ಎದ್ದು ಗಿಡದ ಹಿಂದೆ ಓಡಿದವು.

"ಇವರು ಯಾರು, ಹೇಳ್ರಿ ನೋಡೋಣು?" ಎಂದು ಸಾಹೇಬರು ಪ್ರೀತಿಯಿಂದ ಕೇಳಿದರು.

"ಗೊತ್ತಿಲ್ರಿ" ಎಂದವು ಹುಡುಗರು.

"ನಿಮ್ಮ ಮಾಸ್ತರ ಅಲ್ಲೇನು?"

"ಅಲ್ರಿ. ನಮ್ಮ ಮಾಸ್ತರ್ಗ ಗಡ್ಡ ಐತಿ."

ಮಾಳಪ್ಪನ ಮುಖ ಪರೀಕ್ಷೆಯ ದಿನಕ್ಕಿಂತ ಹೆಚ್ಚು ಬಾಡಿತು. "ಏ, ನಾನ ಅದೀನಲೇ! ದನಿ ಕೇಳಿದ್ರ ಗೊತ್ತಾಗೂದಿಲ್ಲೇನ?" ಎಂದ.

ನಿಂಗವ್ವ ಎಂಬ ಒಂದು ಸಣ್ಣ ಹುಡುಗಿ ಗಿಡದ ಮರೆಯಿಂದಲೇ, "ನಮ್ಮ ಮಾಸ್ತರನ ದನಿ ಕದ್ದಾನ್ರಿ ಇವ" ಎಂದು ಅಳುವ ಧ್ವನಿಯಲ್ಲಿ ಹೇಳಿತು. ಅವಳನ್ನು ನೋಡಿ ಉಳಿದವೂ ಮೋರೆ ಸಣ್ಣ ಮಾಡಿದವು.

ಸಾಹೇಬರು ನನ್ನ ಕಡೆ ತಿರುಗಿದರು. "ಕಾರಕೂನರ, ಸ್ಥಳದಾಗ ಇದ್ದವರು ಅಲ್ಲ ಅನ್ನಾಕತ್ತಾರಲ್ಲ. ಹುಕುಂ ಹ್ಯಾಂಗ ಕೊಡೂದು?" ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಹೊತ್ತಿಗೆ ನನಗೂ ನಗು ಬರಲಿಲ್ಲ. ಅಷ್ಟು ವರ್ಷ ದೇವರಿಗೆ ಬೇಡಿ, ಮುಖ ಕೆರೆಸಿಕೊಂಡು, ಈ ಹುಡುಗರಿಗೋಸ್ಕರ ಪಾಸಾದವನು ಅವರ ಮುಂದೆಯೇ ಪರಕೀಯನಾಗಿ ನಿಂತಿದ್ದ.

ಅಳುತ್ತಿದ್ದ ನಿಂಗವ್ವನ ಮೂಗು ಸೋರುತ್ತಿತ್ತು. ಮಾಳಪ್ಪ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಕಂಬಳಿಯ ತುದಿ ಬಿಟ್ಟು ಧೋತರದ ಮೆತ್ತನ್ನ ಅಂಚು ಹಿಡಿದು, ಅವಳ ಮೂಗು ಒರಸಿದ. ಒರಸಿ ಮುಗಿದ ಮೇಲೆ ರೂಢಿಯಿಂದ ಅವಳ ಗಲ್ಲ ಎತ್ತಿ ಇನ್ನೇನಾದರೂ ಉಳಿದಿದೆಯೇ ಎಂದು ನೋಡಿದ.

ಹುಡುಗಿ ಅಳು ನಿಲ್ಲಿಸಿ ಅವನ ಬೋಳು ಮುಖದ ಮೇಲೆ ಕೈಯಾಡಿಸಿತು. ಆಮೇಲೆ ಉಳಿದವರ ಕಡೆ ತಿರುಗಿ, "ಬರ್ರಲೇ, ನಮ್ಮ ಮಾಸ್ತರನ ಅದಾನ" ಎಂದಿತು.

ನಾನು ಸಾಹೇಬರ ಮುಖ ನೋಡಲಿಲ್ಲ, ಕಲಮು ಯಾವುದೆಂದು ಕೇಳಲಿಲ್ಲ. ಗುರುತು ಹೇಳಿದವರ ಹೆಸರು ಎಂಬಲ್ಲಿ ನಿಂಗವ್ವ ಎಂದು ಬರೆದೆ. ಹುದ್ದೆ ಎಂಬಲ್ಲಿ, ಒಂದನೇ ಇಯತ್ತೆ ಎಂದು ಬರೆದೆ. ಸಾಹೇಬರು ಎರಡು ಸಲ ಓದಿ ಸಹಿ ಹಾಕಿದರು.